ಯಾವುದನ್ನು ತೋರಿಸಬೇಕು, ಯಾವುದನ್ನು ಮರೆಯಲ್ಲಿಡಬೇಕು?

ಪರಂಪರೆ, ಪರಿಸರ ಮತ್ತು ಕೈಯಲ್ಲಿರುವ ಫೋನು: ಗುಜರಾತಿನ ಕನ್ನಡಿಗ ಓದುಗರ ಪತ್ರಗಳಿಗೆ ಉತ್ತರ

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತಳಾದವಳು. ಮಗನ ಮನೆ ಅಹಮದಾಬಾದಿನ ಮಣಿನಗರದಲ್ಲಿದೆ. ಊರಿನಿಂದ ನೆಂಟರು ಬಂದಾಗಲೆಲ್ಲ ಹಳೇ ಪಟ್ಟಣ ತೋರಿಸು ಅನ್ನುತ್ತಾರೆ. ನನಗೆ ಗುಜರಾತಿ ಓದಲು ಬಾರದು. ಪೋಳುಗಳ ಒಳಗೆ ಹೊಕ್ಕರೆ ಫೋನಿನ ನಕ್ಷೆಯ ಚುಕ್ಕಿ ಎಲ್ಲೆಲ್ಲೋ ಹಾರುತ್ತದೆ. ದಾರಿ ತಪ್ಪಿದರೆ ಏನು ಗತಿ ಎಂಬ ಅಂಜಿಕೆ. ಕನ್ನಡದಲ್ಲಿ ವಿವರಿಸುತ್ತಾ ಕರೆದೊಯ್ಯುವ ಆ್ಯಪ್ ಇದೆಯೇ? ಇಲ್ಲದಿದ್ದರೆ ನಮ್ಮಂಥವರು ಮಾಡಬಹುದೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮಣಿನಗರ

ಉತ್ತರ: ಮೊದಲು ದಾರಿ ತಪ್ಪುವ ವಿಷಯ. ಅಲ್ಲಿ ಎಲ್ಲರಿಗೂ ದಾರಿ ತಪ್ಪುತ್ತದೆ, ನಿಮಗೊಬ್ಬರಿಗೇ ಅಲ್ಲ. ಪೋಳು (ಒಂದೇ ಹೆಬ್ಬಾಗಿಲಿನ ಒಳಗೆ ಸೇರಿಕೊಂಡ ಮನೆಗಳ ಕೇರಿ) ಕಟ್ಟಿದ್ದೇ ಹೊರಗಿನವರು ಸುಲಭವಾಗಿ ನುಗ್ಗದಿರಲೆಂದು. ಕವಲುಗಳು, ಮುಂದೆ ದಾರಿಯೇ ಇಲ್ಲದ ಸಂದಿಗಳು, ಒಳಗಿನವರಿಗಷ್ಟೇ ಗೊತ್ತಿರುವ ಹಿಂದಾರಿಗಳು ಎಲ್ಲವೂ ಆ ಲೆಕ್ಕಾಚಾರದಲ್ಲಿ ಸೇರಿವೆ. ನಿಮಗಾದ ಗಲಿಬಿಲಿ ಕಟ್ಟಿದವರ ಉದ್ದೇಶವೇ ಆಗಿತ್ತು ಅಂದುಕೊಳ್ಳಿ.

ಚುಕ್ಕಿ ಹಾರುವುದಕ್ಕೂ ಕಾರಣವಿದೆ. ಫೋನಿನ ಜಿಪಿಎಸ್ (ಉಪಗ್ರಹದ ಸಂಕೇತ ಹಿಡಿದು ಸ್ಥಳ ಗುರುತಿಸುವ ವ್ಯವಸ್ಥೆ) ಕೆಲಸ ಮಾಡಲು ಆಕಾಶ ಕಾಣಬೇಕು. ಎರಡೂ ಕಡೆ ಎತ್ತರದ ಮನೆ, ಮೇಲೆ ಚಾಚಿದ ಮರದ ಉಪ್ಪರಿಗೆ ಇರುವ ಕಿರುಗಲ್ಲಿಯಲ್ಲಿ ಸಂಕೇತ ಗೋಡೆಗೆ ಬಡಿದು ಬಂದು ಲೆಕ್ಕ ತಪ್ಪಿಸುತ್ತದೆ. ಫೋನು ಕೆಟ್ಟಿಲ್ಲ. ಆ ಜಾಗದಲ್ಲಿ ಅದನ್ನು ಪೂರ್ತಿ ನಂಬಬಾರದು, ಅಷ್ಟೆ.

ಹೀಗೆ ಮಾಡಿ. ಮನೆಯಲ್ಲಿ ವೈಫೈ ಇರುವಾಗಲೇ ಹಳೇ ಪಟ್ಟಣದ ನಕ್ಷೆಯನ್ನು ಇಳಿಸಿಟ್ಟುಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಈ ಸೌಲಭ್ಯವಿದೆ. ಜಾಹೀರಾತಿನ ಕಾಟವಿಲ್ಲದ ಆರ್ಗ್ಯಾನಿಕ್ ಮ್ಯಾಪ್ಸ್ ಕೂಡ ಚೆನ್ನಾಗಿದೆ. ಪೋಳಿನ ಹೆಬ್ಬಾಗಿಲಿಗೆ ಬಂದ ಕೂಡಲೇ ಅದರ ಹೆಸರು ಬರೆದ ಫಲಕದ ಫೊಟೊ ತೆಗೆಯಿರಿ. ದಾರಿ ತಪ್ಪಿದರೆ ಓಟಲೊ ಮೇಲೆ (ಮನೆಯ ಮುಂದಿನ ಜಗಲಿ) ಕುಳಿತ ಯಾವ ಹಿರಿಯರಿಗಾದರೂ ಆ ಚಿತ್ರ ತೋರಿಸಿ. ಭಾಷೆ ಬರದಿದ್ದರೂ ಕೈಯಾಡಿಸಿ ದಾರಿ ಹೇಳುತ್ತಾರೆ, ಚಹಾ ಕುಡಿದು ಹೋಗಿ ಅಂದರೂ ಅನ್ನಬಹುದು.

ಮೊದಲ ಸಲಕ್ಕೆ ಆ್ಯಪ್ ಬೇಡವೇ ಬೇಡ. ಮಹಾನಗರ ಪಾಲಿಕೆಯ ಹೆರಿಟೇಜ್ ವಾಕ್ ಬೆಳಗ್ಗೆ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಡುತ್ತದೆ. 1997ರ ನವೆಂಬರ್‌ನಲ್ಲಿ ಶುರುವಾದದ್ದು. ಕವಿ ದಲಪತರಾಮ್ ಅವರ ಮನೆಯಿದ್ದ ಜಾಗ, ಚಬೂತರೊಗಳು (ಹಕ್ಕಿಗೆ ಕಾಳು ಹಾಕಲು ಕಂಬದ ಮೇಲೆ ಕಟ್ಟಿದ ಗೂಡು), ಜೈನ ಬಸದಿಗಳು ಇವನ್ನೆಲ್ಲ ಹಾದು 1424ರ ಜಾಮಾ ಮಸೀದಿಯ ಬಳಿ ಮುಗಿಯುತ್ತದೆ. 2017ರಲ್ಲಿ ಅಹಮದಾಬಾದ್ ಯುನೆಸ್ಕೋದ ವಿಶ್ವ ಪರಂಪರೆಯ ನಗರವಾಯಿತು, ಭಾರತದಲ್ಲಿ ಆ ಪಟ್ಟ ಪಡೆದ ಮೊದಲ ನಗರ. ಅದಕ್ಕೂ ಇಪ್ಪತ್ತು ವರ್ಷ ಹಿಂದೆಯೇ ಜನ ಈ ದಾರಿಯಲ್ಲಿ ನಡೆದು ನೋಡಲು ಶುರುಮಾಡಿದ್ದರು. ನೀವೂ ಒಮ್ಮೆ ನಡೆದು ಬನ್ನಿ.

ಆಮೇಲೆ ಕನ್ನಡದ ವಿವರಣೆ. ಇಝಿ ಟ್ರಾವೆಲ್ ಎಂಬ ಆ್ಯಪ್ ಇದೆ. ಅದರಲ್ಲಿ ಯಾರು ಬೇಕಾದರೂ ಹಣ ಕೊಡದೆ ಧ್ವನಿ ಮಾರ್ಗದರ್ಶಿ ಸಿದ್ಧಪಡಿಸಿ ಸೇರಿಸಬಹುದು. ಒಂದೊಂದು ಜಾಗಕ್ಕೆ ಎರಡು ನಿಮಿಷದ ಮಾತು ಸಾಕು. ಕೇಳುವವರು ಆ ಜಾಗಕ್ಕೆ ಬಂದಾಗ ಅದು ತಾನಾಗಿ ಹೇಳತೊಡಗುತ್ತದೆ. ಮೊದಲೇ ಇಳಿಸಿಕೊಂಡಿದ್ದರೆ ಇಂಟರ್ನೆಟ್ಟೂ ಬೇಡ. ಕನ್ನಡ ಸಂಘದ ನಾಲ್ಕು ಜನ ಸೇರಿ ಹತ್ತು ಜಾಗ ಆರಿಸಿಕೊಳ್ಳಿ. ಬರೆದು ಓದುವುದಕ್ಕಿಂತ, ನೆಂಟರಿಗೆ ಹೇಳುವ ಹಾಗೆ ಹೇಳಿ ಧ್ವನಿಮುದ್ರಿಸಿ. ನೆಲದಡಿಯ ಟಾಂಕಾ (ಮಳೆನೀರು ಹಿಡಿದಿಡುವ ತೊಟ್ಟಿ) ತೋರಿಸುತ್ತಾ ನಮ್ಮ ಬಯಲುಸೀಮೆಯ ಬರಗಾಲದ ನೆನಪು ಹೇಳಿದರೆ ಕನ್ನಡದವರಿಗೆ ಅದು ಪಕ್ಕನೆ ಹಿಡಿಸುತ್ತದೆ. ಚುಕ್ಕಿ ಹಾರುವ ಗಲ್ಲಿಗಳಲ್ಲಿ ಮಾತು ತಪ್ಪು ಜಾಗದಲ್ಲಿ ಶುರುವಾಗುವುದುಂಟು. ಅದಕ್ಕೇ ಪ್ರತಿ ತುಣುಕಿನ ಮೊದಲಿಗೆ "ಎಡಕ್ಕೆ ನೀಲಿ ಬಾಗಿಲು, ಎದುರಿಗೆ ಚಬೂತರೊ ಕಾಣುತ್ತಿರಬೇಕು" ಎಂಬಂಥ ಗುರುತು ಸೇರಿಸಿ.

ಇನ್ನೊಂದು ಮಾತನ್ನು ಮನೆಯ ಹಿರಿಯನಂತೆ ಹೇಳುತ್ತೇನೆ, ಬೇಸರಿಸಬೇಡಿ. ಪೋಳು ಮ್ಯೂಸಿಯಂ ಅಲ್ಲ, ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಸಾರ್ವಜನಿಕ ಚೌಕ, ಮಂದಿರ, ಹೆಬ್ಬಾಗಿಲು, ಚಬೂತರೊ ನಿಮ್ಮ ಮಾರ್ಗದರ್ಶಿಯಲ್ಲಿ ಬರಲಿ. ಯಾರದೋ ಅಂಗಳ, ಹಿತ್ತಲ ಬಾಗಿಲು, ಆ ಹಿಂದಾರಿಗಳು ಮಾತ್ರ ಬೇಡ. ನಕ್ಷೆಯಲ್ಲಿ ಅವುಗಳ ಮೇಲೆ ಚುಕ್ಕಿ ಇಟ್ಟರೆ, ತಲೆತಲಾಂತರದಿಂದ ಆ ಕೇರಿಯವರು ಜೋಪಾನ ಮಾಡಿಕೊಂಡು ಬಂದದ್ದನ್ನು ಒಂದು ಬೆರಳಿನಲ್ಲಿ ಬಯಲಿಗಿಟ್ಟಂತೆ. ಮನೆಯವರು ಒಪ್ಪಿದರೆ ಫೊಟೊ, ಇಲ್ಲವಾದರೆ ನಮಸ್ಕಾರ.

ಪ್ರಶ್ನೆ: ನಾವು ವಡೋದರಾದಲ್ಲಿ ವಿಶ್ವಾಮಿತ್ರಿ ನದಿಗೆ ಹತ್ತಿರದಲ್ಲೇ ಇದ್ದೇವೆ. 2024ರ ಆಗಸ್ಟ್ ನೆರೆಯಲ್ಲಿ ಪಕ್ಕದ ಸೊಸೈಟಿಗೆ ಮೊಸಳೆ ಬಂದಿತ್ತು. ಹನ್ನೆರಡು ವರ್ಷದ ಮಗನಿಗೆ ಅಂದಿನಿಂದ ಮೊಸಳೆಯ ಹುಚ್ಚು. ಪ್ರಾಣಿಗಳ ಫೊಟೊ ಹಾಕುವ ಆ್ಯಪ್ ಬೇಕಂತೆ, ಸೇತುವೆ ಮೇಲೆ ನಿಂತು ರೀಲ್ಸ್ ಮಾಡಬೇಕಂತೆ. ಬೇಡ ಅಂದರೆ ಅಳು, ಬೇಕು ಅಂದರೆ ನನಗೆ ಹೆದರಿಕೆ. ಮೊಸಳೆಗೂ ತೊಂದರೆಯಾದೀತು ಅನ್ನಿಸುತ್ತದೆ.
— ತಾಯಿ, ವಡೋದರಾ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಓದಿ ಸಂತೋಷವಾಯಿತು. ಮಗನ ಬಗ್ಗೆ ಹೆದರಿದವರು ಮೊಸಳೆಯ ಬಗ್ಗೆಯೂ ಯೋಚಿಸಿದ್ದೀರಿ. ನಿಮ್ಮ ಹೆದರಿಕೆ ಸರಿಯಾದದ್ದೇ, ಅದನ್ನು ಬಿಡಬೇಡಿ. ಆದರೆ ಮಗನ ಹುಚ್ಚನ್ನೂ ಕಡೆಗಣಿಸಬೇಡಿ. ಜನನಿಬಿಡ ನಗರದ ನಡುವೆ ಕಾಡುಮೊಸಳೆಗಳು ಇಷ್ಟು ಸಂಖ್ಯೆಯಲ್ಲಿ ಬದುಕಿರುವುದು ಅಪರೂಪ. ಬೇರೆ ಮಕ್ಕಳು ಟಿವಿಯಲ್ಲಿ ನೋಡುವುದನ್ನು ನಿಮ್ಮ ಹುಡುಗ ಶಾಲೆಗೆ ಹೋಗುವ ದಾರಿಯಲ್ಲಿ ನೋಡುತ್ತಾನೆ.

ಅಲ್ಲಿರುವುದು ಮಗ್ಗರ್ ಮೊಸಳೆ, ನಮ್ಮ ಕಾವೇರಿಯ ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಿಸಿಲು ಕಾಯುವ ಅದೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿ, ಆನೆಗಳ ಸಾಲಿನಲ್ಲೇ ಇದಕ್ಕೂ ರಕ್ಷಣೆಯಿದೆ. ಹಿಡಿಯುವುದು, ಕೆಣಕುವುದು ಅಪರಾಧ. ರೀಲ್ಸಿಗಾಗಿ ಕಲ್ಲೆಸೆದು ಅದನ್ನು ನೀರಿಗಿಳಿಸುವವರಿಗೂ ಇದು ಅನ್ವಯಿಸುತ್ತದೆ.

ಮಗನಿಗೆ ಸೀಕ್ ಎಂಬ ಆ್ಯಪ್ ಹಾಕಿಕೊಡಿ. ಐನ್ಯಾಚುರಲಿಸ್ಟ್ ತಂಡದವರೇ ಮಾಡಿದ್ದು. ಖಾತೆ ತೆರೆಯಬೇಕಿಲ್ಲ, ಹೆಸರು ಕೊಡಬೇಕಿಲ್ಲ. ಕ್ಯಾಮೆರಾ ಹಿಡಿದರೆ ಗಿಡ, ಹುಳು, ಹಕ್ಕಿಯ ಹೆಸರು ಹೇಳುತ್ತದೆ. ಮೊಸಳೆಯ ನೆಪದಲ್ಲಿ ಅವನು ದಂಡೆಯ ಮರ, ಮಿಂಚುಳ್ಳಿ, ಕೊಕ್ಕರೆಗಳನ್ನೂ ಗುರುತು ಹಿಡಿಯಲಿ. ಒಂದು ವರ್ಷ ಕಳೆದ ಮೇಲೆ ಅವನ ಆಸಕ್ತಿ ಉಳಿದಿದ್ದರೆ ದೊಡ್ಡವರ ಆ್ಯಪ್ ಆದ ಐನ್ಯಾಚುರಲಿಸ್ಟ್‌ಗೆ ಹೋಗಬಹುದು, ಖಾತೆ ನಿಮ್ಮ ಹೆಸರಿನಲ್ಲಿರಲಿ. ಇದು 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪದವಿಗಾಗಿ ಮಾಡಿದ ಯೋಜನೆಯಾಗಿ ಶುರುವಾಯಿತು. ಇಂದು ಸಂಶೋಧಕರು ಅದರ ದಾಖಲೆಗಳನ್ನು ಬಳಸುತ್ತಾರೆ.

ಅಲ್ಲಿ ಫೊಟೊ ಹಾಕುವಾಗ ಜಿಯೋಪ್ರೈವಸಿ (ಸ್ಥಳವನ್ನು ಮರೆಮಾಡುವ ಆಯ್ಕೆ) ಎಂಬ ಒಂದು ಸಾಲಿರುತ್ತದೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ನೀವು ನೋಡಬೇಕು. ಅದನ್ನು 'ಅಬ್‌ಸ್ಕ್ಯೂರ್ಡ್' (ಮಸುಕು) ಎಂದು ಇಟ್ಟರೆ, ಮೊಸಳೆ ಕಂಡ ನಿಖರ ಜಾಗದ ಬದಲು ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕಿ ಕಾಣುತ್ತದೆ. ಅಳಿವಿನ ಅಂಚಿಗೆ ಬಂದ ಅನೇಕ ಜೀವಿಗಳಿಗೆ ಆ್ಯಪ್ ತಾನೇ ಹೀಗೆ ಮಾಡುತ್ತದೆ. ಆದರೂ ನೀವು ಕೈಯಿಂದ ಒತ್ತಿಯೇ ಕಳಿಸಿ. ಹೀಗೆ ಮಾಡಿದರೆ ಮೊಸಳೆಯ ಜಾಗ ಮಾತ್ರವಲ್ಲ, ನಿಮ್ಮ ಮಗ ದಿನಾ ಸಂಜೆ ಎಲ್ಲಿ ನಿಂತಿರುತ್ತಾನೆ ಎಂಬುದೂ ಗುಟ್ಟಾಗಿ ಉಳಿಯುತ್ತದೆ. ಈ ಎರಡನೆಯ ಲಾಭ ನಿಮ್ಮ ಮನಸ್ಸಿಗೆ ಮೊದಲನೆಯದಕ್ಕಿಂತ ಹೆಚ್ಚು ನೆಮ್ಮದಿ ಕೊಡಬಹುದು.

ಕೆಲವು ಕಟ್ಟಳೆಗಳು. ಸೇತುವೆಯ ಮೇಲಿನಿಂದ ನೋಡುವುದು ಸರಿ, ದಂಡೆಗೆ ಇಳಿಯಕೂಡದು. ಕೆಸರಿನ ಬಣ್ಣದ ಮೊಸಳೆ ಕೆಸರಿನ ಮೇಲೆ ಮಲಗಿದ್ದರೆ ದೊಡ್ಡವರ ಕಣ್ಣಿಗೂ ಬೀಳುವುದಿಲ್ಲ. ಚಳಿಗಾಲದ ಬೆಳಗು ಒಳ್ಳೆಯ ಹೊತ್ತು, ಬಿಸಿಲು ಕಾಯಲು ಅವೇ ಮೇಲೆ ಬರುತ್ತವೆ. ಬೇಸಿಗೆಯಲ್ಲಿ ದಂಡೆಯ ಬಿಲ, ಮೊಟ್ಟೆ, ಮರಿ ಕಂಡರೆ ಅದರ ಚಿತ್ರ ಯಾವ ಆ್ಯಪ್‌ಗೂ ಬೇಡ, ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. ಮೊಸಳೆ ಅಂಗಳಕ್ಕೇ ಬಂದರೆ ವಿಡಿಯೊ ಆಮೇಲೆ. ಬಾಗಿಲು ಹಾಕಿಕೊಂಡು ಅರಣ್ಯ ಇಲಾಖೆಗೆ ಫೋನ್ ಮಾಡಿ. ನಿಮ್ಮ ವಿಭಾಗದ ಕಚೇರಿಯ ಸಂಖ್ಯೆಯನ್ನು ಮಳೆಗಾಲಕ್ಕೆ ಮುಂಚೆಯೇ ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ. ನೆರೆಯಲ್ಲಿ ನೆಟ್‌ವರ್ಕ್ ಹೋದರೆ ಹುಡುಕಲು ಆಗುವುದಿಲ್ಲ, ಕಾಗದದ ಮೇಲೂ ಬರೆದು ಫ್ರಿಜ್ಜಿಗೆ ಅಂಟಿಸಿ.

ರೀಲ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಳೆಯದು. ಮಾಡಲಿ, ಆದರೆ ಅದೇ ದಿನ ಹಾಕದಿರಲಿ. ವಾರ ಕಳೆದು ಹಾಕಿದರೆ ಮೊಸಳೆ ಆ ಜಾಗದಲ್ಲಿರುವುದಿಲ್ಲ, ಅವನೂ ಇರುವುದಿಲ್ಲ.

ಪ್ರಶ್ನೆ: ಉತ್ತರಾಯಣದಲ್ಲಿ ಗಾಳಿಪಟದ ದಾರಕ್ಕೆ ಸಿಕ್ಕಿ ಹಕ್ಕಿಗಳು ಟೆರೇಸಿಗೆ ಬೀಳುತ್ತವೆ. ಆಗ ಯಾವ ಆ್ಯಪ್ ತೆರೆಯಬೇಕು?
— ವಿದ್ಯಾರ್ಥಿನಿ, ಸೂರತ್

ಉತ್ತರ: ಯಾವುದೂ ಬೇಡ. 1962ಕ್ಕೆ ಕರೆ ಮಾಡಿ. ಅದು ಗುಜರಾತಿನ ಕರುಣಾ ಪ್ರಾಣಿ ಆಂಬುಲೆನ್ಸ್. ಉತ್ತರಾಯಣದ ಆಸುಪಾಸಿನ ದಿನಗಳಲ್ಲಿ ಸರ್ಕಾರ ಕರುಣಾ ಅಭಿಯಾನ ನಡೆಸುತ್ತದೆ, ಅಲ್ಲಲ್ಲಿ ಚಿಕಿತ್ಸಾ ಕೇಂದ್ರಗಳಿರುತ್ತವೆ. ಅವರು ಬರುವವರೆಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಹಕ್ಕಿಯನ್ನು ಕತ್ತಲಲ್ಲಿಡಿ. ಬಾಯಿಗೆ ನೀರು ಹುಯ್ಯಬೇಡಿ. ಚರ್ಮದೊಳಗೆ ಹೊಕ್ಕ ಮಾಂಜಾ (ಗಾಳಿಪಟದ ದಾರ) ಎಳೆಯಬೇಡಿ, ಹೊರಗೆ ಜೋತಾಡುವುದನ್ನಷ್ಟೇ ಕತ್ತರಿಸಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಮಾರುವುದು ಕಂಡರೆ ಪೊಲೀಸರಿಗೆ ತಿಳಿಸಬಹುದು, ಆಗ ಫೋನಿನ ಫೊಟೊ ಉಪಯೋಗಕ್ಕೆ ಬರುತ್ತದೆ. ಬೆಳಗಿನ ಮತ್ತು ಸಂಜೆಯ ಹೊತ್ತು ಹಕ್ಕಿಗಳು ಗೂಡು ಬಿಡುವ, ಗೂಡು ಸೇರುವ ಸಮಯ. ಆಗ ನಿಮ್ಮ ಟೆರೇಸಿನ ಗಾಳಿಪಟ ಕೆಳಗಿರಲಿ.

ಪ್ರಶ್ನೆ: ಉಡುಪಿ ಕಡೆಯವನು, ಸೂರತ್ತಿನಲ್ಲಿ ಹೋಟೆಲು. ವಾರದ ರಜೆಯಲ್ಲಿ ಹಳೆಯ ಡಚ್, ಇಂಗ್ಲಿಷ್ ಗೋರಿಗಳ ಕಡೆ ಹೋಗಿ ಫೊಟೊ ತೆಗೆಯುವುದು ನನ್ನ ಹವ್ಯಾಸ. ಒಂದು ಸ್ಮಾರಕದಲ್ಲಿ ಕಾವಲುಗಾರರು ತಡೆದರು. ಇಂಟರ್ನೆಟ್ಟಿಗೆ ಹಾಕಿದರೆ ಕೇಸ್ ಆಗುತ್ತದೆ ಎಂದು ಯಾರೋ ಹೆದರಿಸಿದರು. ಇದ್ದ ಫೊಟೊಗಳನ್ನೆಲ್ಲ ಅಳಿಸಿಬಿಡಲೇ?
— ಹೋಟೆಲ್ ಮಾಲೀಕರು, ಸೂರತ್

ಉತ್ತರ: ದಯವಿಟ್ಟು ಅಳಿಸಬೇಡಿ. ನೀವು ತಪ್ಪು ಮಾಡಿಲ್ಲ.

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಸ್ವಂತಕ್ಕಾಗಿ ಕೈಯಲ್ಲೇ ಹಿಡಿದು ಫೊಟೊ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೂರುಕಾಲಿನ ಸ್ಟ್ಯಾಂಡು, ದೊಡ್ಡ ದೀಪ, ಮದುವೆ ಜೋಡಿಯ ಶೂಟಿಂಗು, ಸಿನಿಮಾ ಇವಕ್ಕೆ ಅನುಮತಿ ಬೇಕು. ಆ ಅನುಮತಿಯನ್ನು ಆನ್‌ಲೈನಿನಲ್ಲಿ ಕೇಳುವ ವ್ಯವಸ್ಥೆಯನ್ನು 2023ರ ಸೆಪ್ಟೆಂಬರ್‌ನಲ್ಲಿ ಇಲಾಖೆ ತೆರೆಯಿತು. ಅದೇ ದಿನ 'ಇಂಡಿಯನ್ ಹೆರಿಟೇಜ್' ಎಂಬ ಆ್ಯಪ್ ಕೂಡ ಬಂತು. ರಾಜ್ಯವಾರು ಸ್ಮಾರಕಗಳ ವಿವರ, ಸ್ಥಳ, ಸೌಕರ್ಯಗಳ ಮಾಹಿತಿ ಅದರಲ್ಲಿದೆ, ನಿಮ್ಮ ಅಭಿಪ್ರಾಯ ತಿಳಿಸುವ ಜಾಗವೂ ಇದೆ. ಡ್ರೋನ್ (ರಿಮೋಟಿನಿಂದ ಹಾರಿಸುವ ಕ್ಯಾಮೆರಾ) ಮಾತ್ರ ಅನುಮತಿಯಿಲ್ಲದೆ ಒಯ್ಯಲೇಬೇಡಿ. ಕಾವಲುಗಾರರ ಜೊತೆ ವಾದ ಬೇಡ. ಬಿಸಿಲಲ್ಲಿ ನಿಂತ ಅವರಿಗೆ ನಿಯಮಕ್ಕಿಂತ ಮೇಲಿನವರ ಬೈಗುಳದ ಭಯ ದೊಡ್ಡದು. ಅವರು ಬೇಡವೆಂದರೆ ಅಂದು ಹಿಂದಿರುಗಿ, ಪಾಲಕ ಅಧಿಕಾರಿಯನ್ನು ಕೇಳಿಕೊಂಡು ಇನ್ನೊಂದು ದಿನ ಹೋಗಿ.

ಇಂಟರ್ನೆಟ್ಟಿಗೆ ಹಾಕುವ ವಿಚಾರ. ಮುನ್ನೂರೈವತ್ತು ವರ್ಷದ ಗೋರಿಗೆ ಈಗ ಯಾರ ಕೃತಿಸ್ವಾಮ್ಯವೂ ಇಲ್ಲ. ಹೊಸ ಕಟ್ಟಡವಾದರೂ, ಅದರ ಚಿತ್ರ ತೆಗೆದು ಪ್ರಕಟಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೇ ಅವಕಾಶವಿದೆ. ನೀವೇ ತೆಗೆದ ಚಿತ್ರ ನಿಮ್ಮದು.

ಈಗ ನೀವು ಕೇಳದೇ ಇದ್ದ ಒಂದು ವಿಷಯ ಹೇಳುತ್ತೇನೆ, ನಿಮ್ಮ ಊರಿಗೂ ಹತ್ತಿರದ್ದು. ಸೂರತ್ತಿನ ಡಚ್ ಗೋರಿಗಳಲ್ಲಿ ಗುಮ್ಮಟ ಹೊತ್ತ ದೊಡ್ಡದೊಂದಿದೆ. ಅದು ಹೆಂಡ್ರಿಕ್ ವಾನ್ ರೀಡ್ ಅವರದು. ಮಲಬಾರಿನಲ್ಲಿ ಡಚ್ಚರ ಅಧಿಕಾರಿಯಾಗಿದ್ದವರು, 1691ರಲ್ಲಿ ಸೂರತ್ತಿಗೆ ಬರುವ ಹಾದಿಯಲ್ಲಿ ಹಡಗಿನಲ್ಲೇ ತೀರಿಕೊಂಡರು. ಪಶ್ಚಿಮ ಕರಾವಳಿಯ ಗಿಡಮೂಲಿಕೆಗಳ ಮೇಲೆ 'ಹೋರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಸಚಿತ್ರ ಗ್ರಂಥ ಮಾಡಿಸಿದವರು ಇವರೇ. ಮೊದಲ ಸಂಪುಟ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದದ್ದು 1678ರಲ್ಲಿ. ಗಿಡಗಳನ್ನು ಗುರುತಿಸಿ ಗುಣ ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರು. ಈ ನಾಲ್ವರು ಕೊಟ್ಟ ಪ್ರಮಾಣಪತ್ರಗಳೂ ಗ್ರಂಥದಲ್ಲಿ ಅಚ್ಚಾಗಿವೆ. ಮೊಬೈಲಿಲ್ಲದ ಕಾಲದಲ್ಲಿ ಯಾರು ಏನು ಹೇಳಿದರು ಎಂಬುದನ್ನು ಹೆಸರು ಸಮೇತ ದಾಖಲಿಸಿದ್ದರಲ್ಲ, ಅದು ಇಂದಿನ ಎಷ್ಟೋ ಆ್ಯಪ್‌ಗಳಲ್ಲಿ ಇಲ್ಲ.

ನಿಮ್ಮ ಫೊಟೊಗಳಿಗೆ ತಕ್ಕ ಜಾಗ ವಿಕಿಮೀಡಿಯ ಕಾಮನ್ಸ್ (ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರ). ಅದಕ್ಕೂ ಫೋನಿನ ಆ್ಯಪ್ ಇದೆ. 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಎಂಬ ಸ್ಮಾರಕಗಳ ಫೊಟೊ ಸ್ಪರ್ಧೆಯೂ ಅದರಲ್ಲೇ ನಡೆಯುತ್ತದೆ. 2010ರಲ್ಲಿ ವಾನ್ ರೀಡ್ ಅವರ ದೇಶವಾದ ನೆದರ್ಲೆಂಡ್ಸ್‌ನಲ್ಲೇ ಶುರುವಾದದ್ದು. ಚಿತ್ರದ ಕೆಳಗೆ ದಿನಾಂಕ, ಯಾವ ದಿಕ್ಕಿನಿಂದ ತೆಗೆದದ್ದು, ಕಲ್ಲಿನ ಮೇಲೆ ಏನು ಬರೆದಿದೆ ಎಂಬುದನ್ನು ಕನ್ನಡದಲ್ಲೇ ಬರೆಯಿರಿ. ಒಂದೇ ಗೋರಿಯನ್ನು ಒಂದೇ ಕೋನದಿಂದ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ತೆಗೆಯಿರಿ. ಗಾರೆ ಎಷ್ಟು ಉದುರಿತು, ಅರಳಿಯ ಸಸಿ ಯಾವ ಬಿರುಕಿನಲ್ಲಿ ಬೇರು ಬಿಟ್ಟಿತು ಎಂದು ದುರಸ್ತಿ ಮಾಡುವವರು ಅದರಿಂದ ತಿಳಿಯುತ್ತಾರೆ. ಚೆಂದದ ಒಂದು ಸೂರ್ಯಾಸ್ತದ ಚಿತ್ರಕ್ಕಿಂತ ಇಂಥ ಐದು ಸಪ್ಪೆ ಚಿತ್ರಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಪ್ರಶ್ನೆ: ಧಾರವಾಡದವನು, ವಡೋದರಾದಲ್ಲಿ ಕಂಪ್ಯೂಟರ್ ಓದುತ್ತಿದ್ದೇನೆ. ಚಾಂಪಾನೇರ್ ಮತ್ತು ಸುತ್ತಲಿನ ವಾವ್‌ಗಳ ಬಗ್ಗೆ ಗೆಳೆಯರು ಸೇರಿ ಆ್ಯಪ್ ಮಾಡಬೇಕೆಂದಿದ್ದೇವೆ. ನಾವು ಓದು ಮುಗಿಸಿ ಹೊರಟ ಮೇಲೆ ಅದು ಸತ್ತುಹೋದರೆ ಎಂಬ ಚಿಂತೆ. ಮಾಡುವುದೋ ಬಿಡುವುದೋ?
— ವಿದ್ಯಾರ್ಥಿ, ವಡೋದರಾ

ಉತ್ತರ: ನಿಮ್ಮ ವಯಸ್ಸಿನಲ್ಲಿ ಈ ಚಿಂತೆ ಬಂದದ್ದೇ ಒಳ್ಳೆಯ ಲಕ್ಷಣ. ಕೆಲಸ ಖಂಡಿತ ಮಾಡಿ. ಆದರೆ ಆ್ಯಪ್ ಮೊದಲು ಬೇಡ.

ಪರಂಪರೆಯ ಆ್ಯಪ್‌ಗಳು ಸಾಯುವುದು ದ್ವೇಷದಿಂದಲ್ಲ, ನಿರ್ವಹಣೆಯಿಲ್ಲದೆ. ಪ್ಲೇ ಸ್ಟೋರಿನ ನಿಯಮ ನಿಮಗೇ ಗೊತ್ತಿದೆ: ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ಕಾಲಕಾಲಕ್ಕೆ ನವೀಕರಿಸದ ಆ್ಯಪ್ ಹೊಸ ಫೋನಿನವರಿಗೆ ಹುಡುಕಿದರೂ ಸಿಗುವುದಿಲ್ಲ. ಸರ್ವರ್ (ಮಾಹಿತಿ ಕೂಡಿಟ್ಟ ದೂರದ ಕಂಪ್ಯೂಟರ್) ಬಾಡಿಗೆ ನಿಂತರೆ ಒಳಗಿನ ಫೊಟೊಗಳೂ ಹೋಗುತ್ತವೆ. ಉದ್ಘಾಟನೆಗೆ ದೀಪ ಹಚ್ಚುವವರು ಬೇಕಾದಷ್ಟು ಜನ, ಮೂರನೇ ವರ್ಷ ಪಾಸ್‌ವರ್ಡ್ ಯಾರ ಬಳಿಯಿದೆ ಎಂದು ಕೇಳಿದರೆ ಯಾರೂ ಇಲ್ಲ.

ನಮ್ಮ ಕಡೆಯದೇ ಉದಾಹರಣೆ ನೋಡಿ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಅದರಲ್ಲಿ ದಾಖಲಾದ ಎಷ್ಟೋ ಶಾಸನಕಲ್ಲುಗಳು ನಗರ ಬೆಳೆದಂತೆ ಮಾಯವಾದವು, ಪುಸ್ತಕ ಉಳಿಯಿತು. ಈಗ ಮಿಥಿಕ್ ಸೊಸೈಟಿಯ ತಂಡ ಅದೇ ಪಟ್ಟಿ ಹಿಡಿದು, ಉಳಿದ ಕಲ್ಲುಗಳನ್ನು ಹುಡುಕಿ ಮೂರು ಆಯಾಮದ ಸ್ಕ್ಯಾನ್ (ಅಕ್ಷರದ ಆಳ ಕೂಡ ಕಾಣುವಂತೆ ಕಲ್ಲನ್ನು ಅಳೆದು ಚಿತ್ರಿಸುವುದು) ಮಾಡಿ, ಸ್ಥಳವನ್ನು ಗುರುತಿಸಿ ಎಲ್ಲರಿಗೂ ಸಿಗುವಂತೆ ಇಡುತ್ತಿದೆ. ನೂರು ವರ್ಷದ ಹಿಂದಿನ ಹಾಳೆ ಇಂದಿನ ತಂತ್ರಜ್ಞಾನಕ್ಕೆ ದಾರಿ ತೋರಿಸಿತು. ನಿಮ್ಮ ಮಾಹಿತಿಯೂ ಹಾಗೆ ಬೇರೆಯವರು ತೆರೆದು ಓದಬಲ್ಲ ರೂಪದಲ್ಲಿರಬೇಕು.

ಆದ್ದರಿಂದ ಮೊದಲು ಸರಳ ಪಟ್ಟಿ ಮಾಡಿ. ಚಾಂಪಾನೇರ್-ಪಾವಾಗಢಕ್ಕೆ 2004ರಲ್ಲೇ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿದೆ, ಅಲ್ಲಿಗೆ ಹೋಗುವವರೂ ಬರೆಯುವವರೂ ಬಹಳ. ನಿಮ್ಮ ಶ್ರಮ ಹೆಚ್ಚು ಬೇಕಿರುವುದು ಹೆಸರಿಲ್ಲದ ಊರ ವಾವ್‌ಗಳಿಗೆ (ಮೆಟ್ಟಿಲು ಬಾವಿ). ವಡೋದರಾದ ಅಂಚಿನ ಸೇವಾಸಿಯ ವಾವ್‌ನಿಂದ ಶುರುಮಾಡಿ. ಎಷ್ಟು ಅಂತಸ್ತು, ನೀರಿದೆಯೇ, ಕಸ ತುಂಬಿದೆಯೇ, ಶಾಸನವಿದೆಯೇ, ಊರವರು ಪೂಜಿಸುತ್ತಾರೆಯೇ ಎಂದು ಬರೆದುಕೊಳ್ಳಿ. ಅಹಮದಾಬಾದಿನ ಅಸಾರವಾದಲ್ಲಿರುವ ದಾದಾ ಹರೀರ್ ವಾವ್‌ನಲ್ಲಿ ಸಂಸ್ಕೃತ ಮತ್ತು ಅರಬ್ಬಿ ಎರಡೂ ಶಾಸನಗಳಿವೆ. ಒಮ್ಮೆ ಹೋಗಿ ನೋಡಿದರೆ ಶಾಸನದ ಫೊಟೊಗೆ ಬೆಳಕು ಓರೆಯಾಗಿ ಬೀಳಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಸ್ಥಳವನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ (ಜನರೇ ಕಟ್ಟಿದ, ಎಲ್ಲರಿಗೂ ಮುಕ್ತವಾದ ನಕ್ಷೆ) ಸೇರಿಸಿ, ಗುಜರಾತಿ ಹೆಸರಿನ ಜೊತೆ ಕನ್ನಡ ಹೆಸರಿಗೂ ಅಲ್ಲಿ ಜಾಗವಿದೆ. ಫೊಟೊ ವಿಕಿಮೀಡಿಯ ಕಾಮನ್ಸಿಗೆ. ಪಟ್ಟಿಯ ಒಂದು ಪ್ರತಿ ಕಾಲೇಜಿನ ಗ್ರಂಥಾಲಯಕ್ಕೆ, ಅಚ್ಚು ಹಾಕಿಸಿ. ಇಷ್ಟಾದ ಮೇಲೂ ಹುಮ್ಮಸ್ಸಿದ್ದರೆ ಆ್ಯಪ್ ಮಾಡಿ. ಅದು ನಿಂತುಹೋದರೂ ನೀವು ಕಲೆಹಾಕಿದ್ದು ಉಳಿಯುತ್ತದೆ.

ಒಂದು ಎಚ್ಚರಿಕೆ. ಬಿಡಿ ವಿಗ್ರಹ, ಕಿತ್ತು ಬಂದ ಕೆತ್ತನೆ, ಹೊಸದಾಗಿ ನೆಲದಿಂದ ಎದ್ದ ಕಲ್ಲು ಕಂಡರೆ ಅದರ ಜಾಗವನ್ನು ನಕ್ಷೆಗೆ ಹಾಕಬೇಡಿ. ಕಳ್ಳರೂ ನಕ್ಷೆ ಓದುತ್ತಾರೆ. ಅದರ ಫೊಟೊ ಮತ್ತು ಅಳತೆ ನೇರವಾಗಿ ಪುರಾತತ್ತ್ವ ಇಲಾಖೆಗೆ ಹೋಗಲಿ; ಕಳುವಾದರೆ ಇದು ಇಂಥ ಕಡೆಯದು ಎಂದು ಸಾಬೀತು ಮಾಡಲು ಅದೇ ಆಧಾರ.

ಪ್ರಶ್ನೆ: ಪ್ರಾಚೀನ ದೇವಾಲಯಗಳನ್ನು ತೋರಿಸುವ ಆ್ಯಪ್ ಎಂದು ವಾಟ್ಸಾಪ್‌ನಲ್ಲಿ ಒಂದು ಕಡತ ಬಂದಿದೆ. ಒತ್ತಿದರೆ ಬ್ಯಾಂಕಿನ ಹಣ ಹೋಗುತ್ತದೆ ಎನ್ನುತ್ತಾಳೆ ಸೊಸೆ. ಇದು ಅತಿ ಭಯವೇ?
— ಹಿರಿಯ ನಾಗರಿಕರು, ಅಹಮದಾಬಾದ್

ಉತ್ತರ: ನಿಮ್ಮ ಸೊಸೆ ಹೇಳಿದ್ದು ಸರಿ. ವಾಟ್ಸಾಪ್‌ನಲ್ಲಿ ಬಂದ 'ಎಪಿಕೆ' ಎಂದು ಕೊನೆಯಾಗುವ ಕಡತವನ್ನು, ಕಳಿಸಿದವರು ಸ್ವಂತ ತಮ್ಮನೇ ಆದರೂ, ಒತ್ತಬೇಡಿ. ದೇವರ ಹೆಸರು, ಮದುವೆ ಕರೆಯೋಲೆ, ಪಿಂಚಣಿ ಎಲ್ಲದರ ವೇಷದಲ್ಲೂ ಇವು ಬರುತ್ತವೆ. ಆ್ಯಪ್ ಬೇಕಾದರೆ ಪ್ಲೇ ಸ್ಟೋರಿನಿಂದಲೇ, ಮಾಡಿದವರ ಹೆಸರು ಓದಿಕೊಂಡು ಹಾಕಿ. ಗುಡಿ ತೋರಿಸುವ ಆ್ಯಪ್ ಸ್ಥಳದ ಮಾಹಿತಿ ಕೇಳಿದರೆ ಸಹಜ. ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಕೂಡಲೇ ತೆಗೆದುಹಾಕಿ, ಓಟಿಪಿ (ಒಂದೇ ಸಲದ ಗುಪ್ತಸಂಖ್ಯೆ) ಬರುವುದು ಅಲ್ಲಿಗೇ. ಈಗಾಗಲೇ ಒತ್ತಿದ್ದರೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. ತಡಮಾಡದೆ ಕರೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಹತ್ತು ವರ್ಷದಿಂದ ಅಹಮದಾಬಾದಿನಲ್ಲಿದ್ದೇವೆ. ಮಕ್ಕಳು "ಇಲ್ಲಿ ನಮ್ಮದು ಅಂತ ಏನಿದೆ?" ಎಂದು ಕೇಳುತ್ತಾರೆ. ಯಾವ ಆ್ಯಪ್‌ನಲ್ಲಿ ಹುಡುಕಿದರೂ ಕನ್ನಡದವರ ಕುರುಹು ಸಿಗುವುದಿಲ್ಲ.
— ದಂಪತಿ, ಬೋಪಲ್

ಉತ್ತರ: ಆ್ಯಪ್‌ನಲ್ಲಿ ಯಾರೂ ಬರೆದಿರದ ಕಾರಣ ಸಿಗುವುದಿಲ್ಲ, ಅಷ್ಟೆ. ಅಹಮದಾಬಾದಿನಿಂದ ಹೆಚ್ಚು ದೂರವಿಲ್ಲದ ಧೋಳ್ಕಾಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿ ಮಲಾವ್ ಎಂಬ ಕೆರೆಯಿದೆ. ಕಟ್ಟಿಸಿದವಳು ಮೀನಳದೇವಿ ಎಂದು ಪ್ರತೀತಿ. ಹಳೆಯ ಗ್ರಂಥಗಳಲ್ಲಿ ಅವಳ ಹೆಸರು ಮಯಣಲ್ಲದೇವಿ, ಕದಂಬರ ಜಯಕೇಶಿಯ ಮಗಳು. ಗೋವೆಯ ಕದಂಬರು, ಕನ್ನಡ ಶಾಸನಗಳನ್ನು ಬರೆಸಿದ ಮನೆತನ. ಅವಳು ಮದುವೆಯಾಗಿ ಬಂದದ್ದು ಪಾಟಣದ ಸೋಲಂಕಿ ರಾಜ ಕರ್ಣನ ಮನೆಗೆ. ಇಂದಿನ ಅಹಮದಾಬಾದಿನ ಜಾಗದಲ್ಲಿ ಕರ್ಣಾವತಿಯನ್ನು ನೆಲೆಗೊಳಿಸಿದವನು ಅವನೇ. ಅವರ ಮಗ ಸಿದ್ಧರಾಜ ಜಯಸಿಂಹ ಗುಜರಾತಿನ ಇತಿಹಾಸದಲ್ಲಿ ದೊಡ್ಡ ಹೆಸರು. ಸೋಮನಾಥಕ್ಕೆ ಹೋಗುವ ಯಾತ್ರಿಕರ ಮೇಲಿದ್ದ ತೆರಿಗೆಯನ್ನು ಮಗನಿಗೆ ಹೇಳಿ ತೆಗೆಸಿದವಳು ಈ ರಾಣಿಯೇ ಎಂದು ಮೇರುತುಂಗನ 'ಪ್ರಬಂಧಚಿಂತಾಮಣಿ' ಹೇಳುತ್ತದೆ.

ಕೆರೆ ತೋಡುವಾಗ ಒಬ್ಬ ಬಡ ಹೆಂಗಸಿನ ಮನೆ ಅಡ್ಡ ಬಂತಂತೆ. ಎಷ್ಟು ಹಣ ಕೊಟ್ಟರೂ ಅವಳು ಬಿಡಲಿಲ್ಲ. ರಾಣಿ ಬಲವಂತ ಮಾಡದೆ, ಕೆರೆಯ ಆಕಾರ ಕೆಟ್ಟರೂ ಚಿಂತೆಯಿಲ್ಲವೆಂದು ಆ ಮನೆಯನ್ನು ಬಿಟ್ಟು ಕೆರೆ ಕಟ್ಟಿಸಿದಳಂತೆ. ನ್ಯಾಯ ನೋಡಬೇಕಿದ್ದರೆ ಮಲಾವ್ ನೋಡಿ ಎಂಬ ಮಾತು ಗುಜರಾತಿನಲ್ಲಿ ಈಗಲೂ ಇದೆ.

ಮಕ್ಕಳ ಕೈಗೆ ಫೋನು ಕೊಟ್ಟು ಕೆರೆಯ ಸುತ್ತ ಒಂದು ಸುತ್ತು ಬರಲು ಹೇಳಿ. ಕಟ್ಟೆ, ಮೆಟ್ಟಿಲು, ನೀರು ಬರುವ ತೂಬು, ಬಿರುಕು, ಕಸ ಎಲ್ಲವನ್ನೂ ತೆಗೆಯಲಿ. ನೀರಿನ ಹಕ್ಕಿಗಳಿದ್ದರೆ ಇಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಮಾಡಲಿ. ಇಂಥ ಪಟ್ಟಿಗಳು ವರ್ಷ ವರ್ಷ ಸೇರಿದರೆ ಕೆರೆಯ ಆರೋಗ್ಯ ತಿಳಿಯುತ್ತದೆ. ಕಸ ಕಂಡರೆ ಮೊದಲು ಫಲಕ ನೋಡಿ. ಕೇಂದ್ರ ಪುರಾತತ್ತ್ವ ಇಲಾಖೆಯ ನೀಲಿ ಫಲಕವಿದ್ದರೆ ದೂರು ಅವರಿಗೆ, ಇಲ್ಲದಿದ್ದರೆ ಧೋಳ್ಕಾ ನಗರಪಾಲಿಕೆಗೆ. ಫೇಸ್‌ಬುಕ್ಕಿನಲ್ಲಿ ಬೈದು ಬರೆಯುವ ಮೊದಲು ದಿನಾಂಕವಿರುವ ಎರಡು ಫೊಟೊ ಸಮೇತ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಮನೆಗೆ ಬಂದು ಎಲ್ಲರೂ ಕೂತು ಕನ್ನಡ ವಿಕಿಪೀಡಿಯಕ್ಕೆ ಮಲಾವ್ ಕೆರೆಯ ಬಗ್ಗೆ ನಾಲ್ಕು ಪ್ಯಾರಾ ಬರೆಯಿರಿ. ರಾಣಿಯ ತವರಿನ ಸಂಗತಿ ಒಂದು ಭಾಗದಲ್ಲಿರಲಿ, ಅದಕ್ಕೆ ಪುಸ್ತಕದ ಆಧಾರ ಕೊಡಿ. ಬಡ ಹೆಂಗಸಿನ ಮನೆಯ ಕತೆ ಬೇರೆ ಭಾಗದಲ್ಲಿ, 'ಐತಿಹ್ಯ' ಎಂಬ ತಲೆಬರಹದ ಕೆಳಗೆ ಬರಲಿ. ಮಕ್ಕಳಿಗೆ ಆ ಕತೆಯೇ ಹೆಚ್ಚು ಇಷ್ಟವಾಗುತ್ತದೆ; ಅದನ್ನು ಬರೆಯುವ ಕೆಲಸ ಅವರಿಗೇ ಬಿಡಿ.